ಕಾರಿನ ಎಸಿ ಗ್ಯಾಸು: ಮನೇಲೇ ಹಾಕ್ಕೊಳ್ಳೋದಾ, ಅಂಗಡಿಗೆ ಹೋಗೋದಾ?

ಪ್ರಮೋದಾ, ನಿನ್ನ ಮೆಸೇಜ್ ನೋಡಿದೆ ಕಣೋ. ಡಲ್ಲಾಸ್‌ನಲ್ಲಿ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದೆ, 2013ರ ಕೊರೋಲಾದಲ್ಲಿ ಎಸಿ ಹಾಕಿದ್ರೂ ಬೆಚ್ಚನೆ ಗಾಳಿ, ವರ್ಕ್‌ಶಾಪ್‌ನೋರು 250 ಡಾಲರ್ ಹೇಳ್ತಿದಾರೆ, ಆಟೋ ಪಾರ್ಟ್ಸ್ ಅಂಗಡೀಲಿ ಪ್ರೆಷರ್ ಗೇಜ್ ಇರೋ ಎಸಿ ಗ್ಯಾಸಿನ ಕ್ಯಾನ್ 40 ಡಾಲರ್‌ಗೆ ಸಿಗುತ್ತೆ, ತಗೊಳ್ಲಾ ಅಂತ ಕೇಳಿದೀಯ. ಅದರ ಕೆಳಗೇ ಮಂಗಳೂರಿನ ಭಾವ, ಪ್ರತಿ ಬೇಸಿಗೇಲೂ ಗ್ಯಾಸ್ ಹಾಕಿಸಿ ಹಾಕಿಸಿ ಸಾಕಾಗಿದೆ, ನಾನೂ ಒಂದು ಕ್ಯಾನ್ ಆನ್‌ಲೈನ್‌ನಲ್ಲಿ ತರಿಸಿಬಿಡ್ತೀನಿ ಅಂತ ಬರೆದಿದಾರೆ. ಇಬ್ಬರಿಗೂ ಸೇರಿಸೇ ಹೇಳ್ತೀನಿ. ಉದ್ದ ಆಗುತ್ತೆ, ಆದ್ರೆ ಕ್ಯಾನ್ ಕೈಗೆ ತಗೊಳ್ಳೋ ಮುಂಚೆ ಪೂರ್ತಿ ಕೇಳಿ.

ಎಸಿ ಗ್ಯಾಸು ಪೆಟ್ರೋಲ್ ಥರ ಖರ್ಚಾಗಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಾ ಇರುತ್ತೆ. ರಬ್ಬರ್ ಹೋಸ್‌ನಿಂದ, ಗ್ಯಾಸನ್ನ ಒತ್ತಿ ಸುತ್ತಿಸೋ ಕಂಪ್ರೆಸರ್‌ನ ಶಾಫ್ಟ್ ಸೀಲ್‌ನಿಂದ ಒಂಚೂರು ಜಿನುಗೋದು ಸಹಜ. ಯುರೋಪಿನ ಒಕ್ಕೂಟದ 2006ರ ನಿಯಮದಲ್ಲಿ, ಒಂದೇ ಕೂಲಿಂಗ್ ಕಾಯಿಲ್ ಇರೋ ಕಾರಿಗೆ ವರ್ಷಕ್ಕೆ 40 ಗ್ರಾಂ ಅನ್ನೋದೇ ಮಿತಿ. ಅಂದ್ರೆ ಎಂಟು ಹತ್ತು ವರ್ಷದ ಕಾರಲ್ಲಿ ಕೂಲಿಂಗ್ ಸ್ವಲ್ಪ ಇಳಿದಿದ್ರೆ ಒಪ್ಪಬಹುದು. ಭಾವ, ನಿಮ್ಮದು ಪ್ರತಿ ವರ್ಷ ಖಾಲಿಯಾಗ್ತಿದೆ ಅಂದ್ರೆ ಎಲ್ಲೋ ಲೀಕ್ ಇದೆ. ಅದನ್ನ ಹುಡುಕದೆ ಮೇಲಿಂದ ಮೇಲೆ ತುಂಬಿಸೋದು ತೂತಾದ ಟ್ಯೂಬಿಗೆ ದಿನಾ ಗಾಳಿ ಹೊಡೆದ ಹಾಗೆ.

ಪ್ರಮೋದಾ, ಮೊದಲು ಗ್ಯಾಸೇ ಕಡಿಮೆಯಾಗಿದೆಯಾ ನೋಡು. ಕಾರು ಓಡ್ತಾ ಇದ್ದಾಗ ತಣ್ಣಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬೆಚ್ಚಗಾಗುತ್ತಾ? ಹಾಗಿದ್ರೆ ಕಂಡೆನ್ಸರ್, ಅಂದ್ರೆ ಗ್ಯಾಸಿನ ಬಿಸಿಯನ್ನ ಹೊರಗೆ ಬಿಡೋ ಮುಂಭಾಗದ ಜಾಲರಿ, ಅದರ ಫ್ಯಾನ್ ಮೇಲೆ ಮೊದಲ ಅನುಮಾನ. ಬಾನೆಟ್ ತೆಗೆದು ಎಸಿ ಹಾಕಿಸಿ ನೋಡು, ಫ್ಯಾನ್ ತಿರುಗ್ಬೇಕು. ಆಮೇಲೆ ಗ್ರಿಲ್ ಹಿಂದಿನ ಕಂಡೆನ್ಸರ್ ಮೇಲೆ ಪೈಪಲ್ಲಿ ಸಣ್ಣಗೆ ನೀರು ಬಿಡು. ಎರಡು ನಿಮಿಷದಲ್ಲಿ ಒಳಗಿನ ಗಾಳಿ ಚೆನ್ನಾಗಿ ತಣ್ಣಗಾದ್ರೆ, ಫ್ಯಾನ್ ಕೆಟ್ಟಿದೆ ಅಥವಾ ಕಂಡೆನ್ಸರ್ ಸಂದಿಗಳಲ್ಲಿ ಧೂಳು, ಹುಳ ಕಟ್ಟಿದೆ ಅಂತ ಅರ್ಥ. ಅದಕ್ಕೆ ಗ್ಯಾಸ್ ಹಾಕಿದ್ರೆ ಇನ್ನೂ ಕೆಡುತ್ತೆ. ತೊಳೆಯೋದಾದ್ರೂ ಪ್ರೆಷರ್ ವಾಷರ್ ಬೇಡ, ತೆಳು ರೆಕ್ಕೆಗಳು ಮಡಚಿಕೊಂಡುಬಿಡ್ತವೆ. ಗಾಳಿಯೇ ಜೋರಾಗಿ ಬರ್ತಿಲ್ಲ ಅಂದ್ರೆ ಗ್ಲವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡು, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಒಂದು ಕಡೆ ವೆಂಟ್ ತಣ್ಣಗೆ, ಇನ್ನೊಂದು ಕಡೆ ಬಿಸಿ ಅಂದ್ರೆ ಡ್ಯಾಶ್‌ಬೋರ್ಡ್ ಒಳಗೆ ಬಿಸಿಗಾಳಿ ತಡೆಯೋ ಬಾಗಿಲೂ ಕೆಟ್ಟಿರಬಹುದು, ಗ್ಯಾಸೂ ಕಡಿಮೆ ಇರಬಹುದು.

ಇದೆಲ್ಲ ಸರಿಯಿದ್ರೆ ಬಾನೆಟ್ ಅಡಿ ಅಥವಾ ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿ ಅಂಟಿಸಿರೋ ಸ್ಟಿಕರ್ ಓದು. ಯಾವ ಗ್ಯಾಸು, ಎಷ್ಟು ಗ್ರಾಂ ಅಂತ ಅದರಲ್ಲಿರುತ್ತೆ. ನಿನ್ನದು ಆರ್ 134ಎ. ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಮುಂದೆ ಹಿಂದೆ ಎರಡು ಕಾಯಿಲ್ ಇರೋ ದೊಡ್ಡ ಗಾಡಿಗೆ ಅದರ ಎರಡರಷ್ಟು ಹಿಡಿದ್ರೂ ಹಿಡಿಯುತ್ತೆ. ಅಮೆರಿಕದ ಹೊಸ ಕಾರುಗಳಲ್ಲಿ ಬಹುತೇಕ ಆರ್ 1234ವೈಎಫ್ ಇರುತ್ತೆ, ಅದರ ಕಪ್ಲರ್, ಅಂದ್ರೆ ಪೋರ್ಟಿಗೆ ಕೂರೋ ತುದಿಯ ಅಳತೆಯೇ ಬೇರೆ, ಹಳೇ ಕ್ಯಾನ್ ಕೂರಲ್ಲ. ಕೂರಿಸೋಕೆ ಅಡಾಪ್ಟರ್ ಸಿಗುತ್ತೆ ಅಂತ ಹಾಕೋಕೆ ಹೋಗ್ಬೇಡ. ಎರಡು ಗ್ಯಾಸ್ ಮಿಕ್ಸ್ ಆದ ಕಾರನ್ನ ಒಳ್ಳೆ ಅಂಗಡಿಯೋರು ಮೆಷಿನ್‌ಗೆ ಹಾಕಲ್ಲ, ಅವರ ಸಿಲಿಂಡರೂ ಕೆಡುತ್ತೆ ಅಂತ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿಗಂತೂ ಮನೆಯ ಕ್ಯಾನ್ ಮುಟ್ಟಿಸಲೇಬಾರದು. ಅದರ ಕಂಪ್ರೆಸರ್ ಹೈವೋಲ್ಟೇಜ್ ಮೋಟಾರಿನದು, ಬೇರೆ ಜಾತಿಯ ಎಣ್ಣೆ ಬೇಕು. ಕ್ಯಾನ್‌ನಲ್ಲಿ ಬೆರೆಸಿರೋ, ಮಾಮೂಲಿ ಕಂಪ್ರೆಸರ್‌ನ ಪ್ಯಾಗ್ ಎಣ್ಣೆ ಸ್ವಲ್ಪ ಸೇರಿದ್ರೂ ಇನ್ಸುಲೇಷನ್ ಹಾಳಾಗುತ್ತೆ.

ಈಗ ಎಲ್ಲರೂ ಮೋಸ ಹೋಗೋ ಜಾಗ, ಆ ಕ್ಯಾನ್ ಮೇಲಿನ ಗೇಜ್. ಅದು ತೋರಿಸೋದು ಪ್ರೆಷರ್, ಒಳಗೆ ಎಷ್ಟು ಗ್ಯಾಸ್ ಇದೆ ಅಂತ ಅಲ್ಲ. ನಮ್ಮನೆ ಅಡುಗೆ ಸಿಲಿಂಡರನ್ನೇ ನೆನೆಸ್ಕೋ. ತುಂಬಿದ್ದಾಗಲೂ ಕಾಲುಭಾಗ ಉಳಿದಾಗಲೂ ಉರಿ ಒಂದೇ ಥರ. ಎಷ್ಟಿದೆ ಅಂತ ತಿಳೀಬೇಕಾದ್ರೆ ತೂಕ ಹಾಕ್ಬೇಕು, ಅದಕ್ಕೇ ಖಾಲಿ ಸಿಲಿಂಡರ್ ತೂಕ ಅದರ ಮೇಲೇ ಬರೆದಿರೋದು. ಕಾರಿನ ಗ್ಯಾಸೂ ಹಾಗೇ. ಎಂಜಿನ್ ಆಫ್ ಇದ್ದಾಗ, ಒಳಗೆ ದ್ರವ ಇರೋವರೆಗೂ ಪ್ರೆಷರ್ ಬರೀ ಬಿಸಿಯನ್ನ ಅವಲಂಬಿಸಿರುತ್ತೆ: ಆರ್ 134ಎಗೆ 80 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಮಾರು 87 ಪಿಎಸ್‌ಐ (ಒತ್ತಡದ ಅಳತೆ), 90ರಲ್ಲಿ 104, 100ರಲ್ಲಿ 124. ಒಳಗೆ 200 ಗ್ರಾಂ ಇದ್ರೂ ಇಷ್ಟೇ, 450 ಇದ್ರೂ ಇಷ್ಟೇ.

ಎಂಜಿನ್ ಓಡ್ತಿರೋವಾಗ ಇನ್ನೊಂದು ಪೇಚು. ಗ್ಯಾಸ್ ಕಡಿಮೆಯಿದ್ರೆ, ಕಂಪ್ರೆಸರನ್ನ ಎಂಜಿನ್‌ಗೆ ಜೋಡಿಸೋ ಕ್ಲಚ್ ಟಕ್ ಅಂತ ಹಿಡಿದು ಕೆಲವೇ ಸೆಕೆಂಡಲ್ಲಿ ಬಿಟ್ಟುಬಿಡುತ್ತೆ. ಹಿಡಿದಾಗ ಮುಳ್ಳು 20ಕ್ಕಿಂತ ಕೆಳಗೆ ಬೀಳುತ್ತೆ, ಬಿಟ್ಟಾಗ ಮೇಲಕ್ಕೇರಿ ಕೆಂಪಿಗೆ ಹೋಗುತ್ತೆ. ಬಿಟ್ಟ ಹೊತ್ತಿನ ಮುಳ್ಳು ನೋಡಿ 'ಜಾಸ್ತಿ ಇದೆ' ಅಂತ ಕೆಲವರು ಇರೋ ಗ್ಯಾಸನ್ನೂ ಹೊರಗೆ ಬಿಟ್ಟುಬಿಡ್ತಾರೆ. ಈಗಿನ ಎಷ್ಟೋ ಕಾರಲ್ಲಿ ಕಂಪ್ರೆಸರ್ ತನ್ನ ಎಳೆತವನ್ನ ತಾನೇ ಹೆಚ್ಚು ಕಡಿಮೆ ಮಾಡ್ಕೊಂಡು ಲೋ ಸೈಡ್, ಅಂದ್ರೆ ಗ್ಯಾಸು ಕಂಪ್ರೆಸರ್‌ಗೆ ವಾಪಸ್ ಬರೋ ಕಡೆಯ ಪ್ರೆಷರನ್ನ ಒಂದೇ ಮಟ್ಟದಲ್ಲಿ ಇಡುತ್ತೆ, ಅಲ್ಲಿ ಮುಳ್ಳು ಹಸಿರಲ್ಲೇ ನಿಂತಿರುತ್ತೆ, ನೀನು ತುಂಬಿಸಿದಷ್ಟೂ ಒಳಗಿನ ಗ್ಯಾಸ್ ಮಾತ್ರ ಹೆಚ್ಚಾಗ್ತಾ ಹೋಗುತ್ತೆ. ಹೈ ಸೈಡ್‌ನಲ್ಲಿ, ಅಂದ್ರೆ ಕಂಪ್ರೆಸರ್ ಗ್ಯಾಸನ್ನ ಒತ್ತಿ ಕಳಿಸೋ ಕಡೆ, ಏನಾಗ್ತಿದೆ ಅನ್ನೋದು ಆ ಕ್ಯಾನ್ ಗೇಜ್‌ಗೆ ಗೊತ್ತೇ ಆಗಲ್ಲ. ಅಲ್ಲಿ ಹೊರಗಿನ ಫ್ಯಾರನ್‌ಹೀಟ್ ಡಿಗ್ರಿಯ ಎರಡೂಕಾಲು, ಎರಡೂವರೆಯಷ್ಟು ಪಿಎಸ್‌ಐ ಇರಬೇಕು ಅನ್ನೋದು ಕೆಲಸದೋರ ಅಂದಾಜು. ನಿನ್ನ ನೂರು ಡಿಗ್ರಿಗೆ 225ರಿಂದ 250.

ಹೆಚ್ಚು ತುಂಬಿದ್ರೆ ಕೂಲಿಂಗ್ ಹೆಚ್ಚಲ್ಲ, ಕಡಿಮೆಯಾಗುತ್ತೆ. ಕಂಡೆನ್ಸರ್ ಒಳಗೆ ಗ್ಯಾಸು ದ್ರವ ಆಗೋಕೆ ಜಾಗ ಉಳಿಯಲ್ಲ, ಹೈ ಪ್ರೆಷರ್ ಸ್ವಿಚ್ ಕಟ್ ಮಾಡುತ್ತೆ, ಇಲ್ಲಾಂದ್ರೆ ದ್ರವವೇ ಕಂಪ್ರೆಸರ್‌ಗೆ ನುಗ್ಗಿ ಅದರ ವಾಲ್ವ್ ಮುರಿಯುತ್ತೆ. ತೀರಾ ಕಡಿಮೆಯಿದ್ರೂ ಕಂಪ್ರೆಸರ್‌ಗೇ ಕಷ್ಟ, ಯಾಕೆಂದ್ರೆ ಎಣ್ಣೆ ಗ್ಯಾಸಿನ ಜೊತೆಗೇ ಹರಿದು ವಾಪಸ್ ಬರೋದು.

ಹಾಗಾದ್ರೆ ಮನೇಲಿ ಹಾಕೋದು ಯಾವಾಗ ಸರಿ? ಕಾರು ಆರ್ 134ಎದು, ಇಷ್ಟು ವರ್ಷ ಗ್ಯಾಸ್ ಮುಟ್ಟಿಲ್ಲ, ತಣ್ಣಗಾಗುತ್ತೆ ಆದ್ರೆ ಮೊದಲಿನಷ್ಟಲ್ಲ, ಎಲ್ಲೂ ಲೀಕಿನ ಗುರುತಾದ ಎಣ್ಣೆ ಜಿಡ್ಡಿಲ್ಲ. ಆಗ ಮಾತ್ರ. ತಗೊಳ್ಳೋವಾಗ ಬರೀ ಆರ್ 134ಎ ಅಂತ ಬರೆದಿರೋ, 12 ಔನ್ಸ್, ಅಂದ್ರೆ 340 ಗ್ರಾಂ ಕ್ಯಾನ್ ತಗೋ. 'ಲೀಕ್ ಸೀಲರ್' ಬೆರೆಸಿದ್ದು ಬೇಡವೇ ಬೇಡ. ಅಂಥ ಕೆಲವದರಲ್ಲಿ ಗಾಳಿಯ ತೇವ ತಗುಲಿದಲ್ಲಿ ಗಟ್ಟಿಯಾಗೋ ವಸ್ತು ಇರುತ್ತೆ, ಕೂಲಿಂಗ್ ಕಾಯಿಲ್‌ಗೆ ದ್ರವ ಬಿಡೋ ಸಣ್ಣ ಕಿಂಡಿಯಾದ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಬಹುದು, ಮುಂದೆ ಅಂಗಡಿಯೋರ ಮೆಷಿನನ್ನೂ ಕಟ್ಟಬಹುದು. ನಿಮ್ಮ ಅಮೆರಿಕದಲ್ಲಿ 2018ರಿಂದ ಸಣ್ಣ ಕ್ಯಾನ್‌ಗಳಿಗೆ ತಾನೇ ಮುಚ್ಚಿಕೊಳ್ಳೋ ವಾಲ್ವ್ ಕಡ್ಡಾಯ, ಹಾಗಾಗಿ ಅರ್ಧ ಬಳಸಿ ಎತ್ತಿಡಬಹುದು.

ಕ್ಯಾನನ್ನ ಹೋಸ್ ಸಮೇತ ಅಡುಗೆಮನೆ ತಕ್ಕಡಿ ಮೇಲಿಟ್ಟು ತೂಕ ಬರ್ಕೋ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕ್ಕೊಂಡೇ ಮುಂದಿನ ಕೆಲಸ. ಈ ಗ್ಯಾಸು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯೋದು, ಚರ್ಮಕ್ಕೆ ಬಿದ್ರೆ ಸುಟ್ಟಂತೆ ಬೊಬ್ಬೆ ಬರುತ್ತೆ. ಎಂಜಿನ್ ಶುರು ಮಾಡು, ಎಸಿ ಫುಲ್, ಬ್ಲೋವರ್ ಫುಲ್, ಒಳಗಿನ ಗಾಳಿಯನ್ನೇ ತಿರುಗಿಸೋ ಬಟನ್ ಒತ್ತು, ಬಾಗಿಲುಗಳು ತೆರೆದಿರಲಿ. ದಪ್ಪ ಪೈಪಿನ ಮೇಲಿರೋದು ಲೋ ಸೈಡ್ ಪೋರ್ಟ್, ಮುಚ್ಚಳದ ಮೇಲೆ ಎಲ್ ಅಂತ ಇರುತ್ತೆ. ಸಣ್ಣ ಪೈಪಿಂದು ಹೈ ಸೈಡ್, ಕ್ಯಾನಿನ ಕಪ್ಲರ್ ಅದಕ್ಕೆ ಕೂರಲ್ಲ, ಬಲವಂತ ಮಾಡ್ಬೇಡ. ಅಲ್ಲಿನ ಪ್ರೆಷರ್ ಕ್ಯಾನಿಗೆ ವಾಪಸ್ ನುಗ್ಗಿದ್ರೆ ಕ್ಯಾನ್ ಒಡೆಯುತ್ತೆ. ಹೋಸ್ ಒಳಗಿನ ಗಾಳಿಯನ್ನ ಒಂದು ಕ್ಷಣ ಗ್ಯಾಸ್ ಬಿಟ್ಟು ಹೊರಹಾಕಿ, ಆಮೇಲೆ ಪೋರ್ಟಿಗೆ ಹಾಕು. ಕ್ಯಾನ್ ನೆಟ್ಟಗಿರಲಿ, ಬುಡಮೇಲು ಮಾಡಿದ್ರೆ ದ್ರವವೇ ಹೋಗುತ್ತೆ. ಹತ್ತು ಹದಿನೈದು ಸೆಕೆಂಡ್ ಬಿಡು, ಮುಚ್ಚು, ತೂಕ ನೋಡು. ಒಂದು ಸಲಕ್ಕೆ 30 ಗ್ರಾಂ ಆಸುಪಾಸು, ಆಮೇಲೆ ಐದು ನಿಮಿಷ ಕಾದು ನಡುವಿನ ವೆಂಟ್‌ನಲ್ಲಿ ಥರ್ಮಾಮೀಟರ್ ಇಟ್ಟು ನೋಡು. ಕ್ಯಾನ್ ತಣ್ಣಗಾಗಿ ಗ್ಯಾಸ್ ನಿಧಾನವಾದ್ರೆ ಉಗುರುಬೆಚ್ಚಗಿನ ನೀರಲ್ಲಿ ನಿಲ್ಲಿಸು. ಒಲೆಯ ಹತ್ತಿರ ತರಬೇಡ, 50 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಅದು ಬಾಂಬ್ ಥರ ಸಿಡಿಯಬಹುದು. ಒಟ್ಟು 100 ಗ್ರಾಂ ಹೋದ್ರೂ ವೆಂಟ್ ತಣ್ಣಗಾಗ್ಲಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸು, ತೊಂದರೆ ಬೇರೆ ಕಡೆ ಇದೆ. ಕೊನೇಲಿ ಪೋರ್ಟ್ ಪಿನ್ ಮೇಲೆ ಸೋಪು ನೀರು ಹಾಕು, ಗುಳ್ಳೆ ಬರದಿದ್ರೆ ಮುಚ್ಚಳ ಬಿಗಿ ಮಾಡು. ಆ ಸಣ್ಣ ಮುಚ್ಚಳವೂ ಒಂದು ಸೀಲೇ, ಕಳೀಬೇಡ.

ಎಂಜಿನ್ ಆಫ್ ಇದ್ದಾಗಲೇ ಗೇಜ್ ಸೊನ್ನೆ ಹತ್ತಿರ ತೋರಿಸಿದ್ರೆ ಕ್ಯಾನ್ ಮುಟ್ಟಲೇಬೇಡ. ಸಿಸ್ಟಮ್ ಖಾಲಿಯಾಗಿದೆ, ಒಳಗೆ ಗಾಳಿ, ತೇವ ಸೇರಿದೆ. ಗಾಳಿ ದ್ರವ ಆಗಲ್ಲ, ಸುಮ್ಮನೆ ಹೈ ಸೈಡ್ ಪ್ರೆಷರ್ ಏರಿಸುತ್ತೆ. ತೇವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಮಂಜುಗಡ್ಡೆ ಕಟ್ಟುತ್ತೆ: ಹತ್ತು ನಿಮಿಷ ತಣ್ಣಗೆ, ಆಮೇಲೆ ಬಿಸಿ, ಆಫ್ ಮಾಡಿ ಹಾಕಿದ್ರೆ ಮತ್ತೆ ತಣ್ಣಗೆ. ಎಣ್ಣೆ ಜೊತೆ ಸೇರಿ ಒಳಗೇ ಆಮ್ಲವೂ ಆಗುತ್ತೆ. ಕಂಪ್ರೆಸರ್ ಹಿಡೀತಿಲ್ಲ ಅಂತ ಪ್ರೆಷರ್ ಸ್ವಿಚ್‌ಗೆ ವೈರ್ ಸೇರಿಸಿ ಓಡಿಸೋ ವಿಡಿಯೋ ನೋಡಿದ್ರೆ ಅದನ್ನ ಅಲ್ಲೇ ಬಿಡು, ಎಣ್ಣೆಯಿಲ್ಲದೆ ಕಂಪ್ರೆಸರ್ ಕಚ್ಚಿಕೊಳ್ಳುತ್ತೆ.

ಅಂಗಡೀಲಿ ಕೊಡೋ ದುಡ್ಡು ಯಾವುದಕ್ಕೆ ಅಂದ್ರೆ ಈ ಕೆಲಸಕ್ಕೆ. ಮೆಷಿನ್ ಮೊದಲು ಉಳಿದ ಗ್ಯಾಸನ್ನ ಎಳ್ಕೊಂಡು ತೂಗುತ್ತೆ, ಆಮೇಲೆ ಅರ್ಧ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆಯುತ್ತೆ, ಆ ವ್ಯಾಕ್ಯೂಮ್‌ನಲ್ಲಿ ಒಳಗಿನ ನೀರು ಸಾಧಾರಣ ಬಿಸಿಗೇ ಕುದ್ದು ಆವಿಯಾಗಿ ಹೊರಬರುತ್ತೆ. ಆಮೇಲೆ ಸ್ಟಿಕರ್‌ನಷ್ಟೇ ಗ್ರಾಂ ತೂಗಿ ಹಾಕುತ್ತೆ. ಭಾವ, ಮುಂದಿನ ಸಲ ಹೋದಾಗ ಒಂದೇ ಪ್ರಶ್ನೆ ಕೇಳಿ: 'ರಿಕವರಿ ಎಷ್ಟು ಗ್ರಾಂ ಬಂತು?' ಅಂದ್ರೆ ಮೆಷಿನ್ ಎಳ್ಕೊಂಡ ಹಳೇ ಗ್ಯಾಸು ಎಷ್ಟು ಅಂತ. ಸ್ಟಿಕರ್ 400 ಇದ್ದು ಒಂದೇ ವರ್ಷಕ್ಕೆ 200 ಬಂತು ಅಂದ್ರೆ, ಹೊಸ ಗ್ಯಾಸ್ ಹಾಕೋ ಮುಂಚೆ ಲೀಕ್ ಹುಡುಕಿ ಅನ್ನಿ. ಹಳೇ ಗ್ಯಾಸನ್ನ ಪಿನ್ ಒತ್ತಿ ಬುಸ್ ಅಂತ ಗಾಳಿಗೆ ಬಿಟ್ಟು, ತಕ್ಕಡಿಯಿಲ್ಲದೆ ಪೈಪ್ ಮುಟ್ಟಿ ನೋಡಿ ತುಂಬಿಸೋ ಕಡೆ ಹೋಗ್ಬೇಡಿ. ಈ ಗ್ಯಾಸು ಒಂದು ಕಿಲೋ ಗಾಳಿಗೆ ಹೋದ್ರೆ ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಏರಿಸುತ್ತೆ. ಅಡುಗೆ ಗ್ಯಾಸ್ ಜಾತಿಯ ಅಗ್ಗದ ಗ್ಯಾಸ್ ಹಾಕ್ತೀವಿ ಅಂದ್ರೆ ಖಂಡಿತ ಬೇಡ, ಕೂಲಿಂಗ್ ಕಾಯಿಲ್ ಇರೋದು ನಿಮ್ಮ ಕಾಲಿನ ಮುಂದೆ, ಲೀಕ್ ಆದ್ರೆ ಉರಿಯೋ ಗ್ಯಾಸು ಕಾರೊಳಗೇ ತುಂಬುತ್ತೆ.

ಮಂಗಳೂರಲ್ಲಿ ಮೊದಲು ಕಂಡೆನ್ಸರನ್ನೇ ಅನುಮಾನಿಸಿ, ಉಪ್ಪುಗಾಳಿಗೆ ಅಲ್ಯೂಮಿನಿಯಂ ತಿಂದುಹೋಗುತ್ತೆ. ಟಾರ್ಚ್ ಬಿಟ್ಟು ನೋಡಿ. ಧೂಳು ಹಸಿಯಾಗಿ ಅಂಟಿ ಎಣ್ಣೆ ಕಲೆ ಥರ ಕಂಡ ಜಾಗದಲ್ಲೇ ಲೀಕು, ಯಾಕೆಂದ್ರೆ ಗ್ಯಾಸ್ ಜೊತೆ ಎಣ್ಣೆಯೂ ಬರುತ್ತೆ. ಕಾರಿನ ಕೆಳಗೆ ತೊಟ್ಟಿಕ್ಕೋ ನೀರು ಮಾತ್ರ ಲೀಕಲ್ಲ, ಅದು ಗಾಳಿಯ ತೇವ. ಕಂಡೆನ್ಸರ್ ಬದಲಾಯಿಸಿದ್ರೆ ಜೋಡಣೆಯ ರಬ್ಬರ್ ಓ-ರಿಂಗು, ತೇವ ಹೀರೋ ಡ್ರೈಯರ್ ಹೊಸದು ಹಾಕಿಸಿ, ಎಣ್ಣೆ ಎಷ್ಟು ಎಂಎಲ್ ಸೇರಿಸಿದ್ರು ಅಂತ ಬರೆಸ್ಕೊಳ್ಳಿ. ವ್ಯಾಕ್ಯೂಮ್ ನಿಲ್ಲಿಸಿದ ಮೇಲೆ ಹದಿನೈದು ನಿಮಿಷ ಮುಳ್ಳು ಅಲ್ಲಾಡಬಾರದು. ಮಂಗಳೂರಲ್ಲಿ ಆ ವ್ಯಾಕ್ಯೂಮ್ ಪಾದರಸದ ಲೆಕ್ಕದಲ್ಲಿ 29 ಇಂಚು ದಾಟಬೇಕು. ಬೆಂಗಳೂರಿನೋರಿಗೂ ಇದೊಂದು ಮಾತು: ನಿಮ್ಮಲ್ಲಿ 27ರ ಹತ್ತಿರ ನಿಂತ್ರೆ ಪಂಪ್ ಕೆಟ್ಟಿದೆ ಅಂತ ಜಗಳಕ್ಕೆ ಹೋಗ್ಬೇಡಿ, 900 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಅಷ್ಟು.

ಪ್ರಮೋದಾ, ಇವತ್ತು ಸಂಜೆ ಆ ಸ್ಟಿಕರ್ ಫೋಟೋ, ಫ್ಯಾನ್ ತಿರುಗ್ತಿದೆಯಾ ಇಲ್ವಾ, ನೀರು ಬಿಟ್ಟಾಗ ವೆಂಟ್ ಎಷ್ಟು ಡಿಗ್ರಿಗೆ ಇಳೀತು, ಇವಿಷ್ಟು ಇಲ್ಲಿ ಹಾಕು. ಅಲ್ಲೀವರೆಗೂ ಕ್ಯಾನ್ ತರಬೇಡ.