ಪೆನಿಸಿಲಿನ್ ಗಿಡಕ್ಕೆ ಯಾಕೆ ತೊಂದರೆ ಮಾಡುವುದಿಲ್ಲ?

ಪ್ರಶ್ನೆ (ಉಡುಪಿಯ ಅಮ್ಮ):
ಮಗಳು ಒಂಬತ್ತನೇ ಕ್ಲಾಸು. ಬ್ಯಾಕ್ಟೀರಿಯಾಕ್ಕೂ ಕೋಶಭಿತ್ತಿ ಇದೆ, ನಮ್ಮ ಅಂಗಳದ ಮಲ್ಲಿಗೆಗೂ ಇದೆ. ಹಾಗಾದರೆ ಪೆನಿಸಿಲಿನ್ ಮಲ್ಲಿಗೆಯನ್ನೂ ಕೊಲ್ಲಬೇಕಲ್ವಾ ಎಂದು ಕೇಳುತ್ತಾಳೆ. ಏನು ಹೇಳಲಿ?

ಉತ್ತರ (ಕಾರ್ಕಳದ ಬಯಾಲಜಿ ಟೀಚರ್):
ಎಷ್ಟು ಒಳ್ಳೆ ಪ್ರಶ್ನೆ! ಗೋಡೆ ಎರಡಕ್ಕೂ ಇದೆ, ಸಾಮಾನು ಬೇರೆ. ಮಲ್ಲಿಗೆಯದು ಮುಖ್ಯವಾಗಿ ಸೆಲ್ಯುಲೋಸ್. ಬ್ಯಾಕ್ಟೀರಿಯಾದ್ದು ಪೆಪ್ಟಿಡೋಗ್ಲೈಕಾನ್, ಅಂದರೆ ಸಕ್ಕರೆ ಎಳೆಗಳ ಬಲೆ. ಅದರ ಎಳೆಗಳನ್ನು ಒಂದಕ್ಕೊಂದು ಕಟ್ಟುವ ಕಿಣ್ವವನ್ನು ಪೆನಿಸಿಲಿನ್ ತಡೆಯುತ್ತದೆ. ಗೋಡೆ ಸಡಿಲವಾಗುತ್ತದೆ, ಒಳಗೆ ನೀರು ನುಗ್ಗುತ್ತದೆ, ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಕೋಶಕ್ಕೆ ಗೋಡೆಯೇ ಇಲ್ಲ, ಬರೀ ತೆಳು ಪೊರೆ.

ಉತ್ತರ (ಸುರತ್ಕಲ್‌ನಿಂದ):
ಬ್ಯಾಕ್ಟೀರಿಯಾಕ್ಕೆ ನ್ಯೂಕ್ಲಿಯಸ್ ಇಲ್ಲ, ಅದನ್ನೂ ಹೇಳಿ. ಆದರೆ ಪ್ರೋಟೀನ್ ತಯಾರಿಸುವ ರೈಬೋಸೋಮ್ ಮೂರರಲ್ಲೂ ಇದೆ. ಬ್ಯಾಕ್ಟೀರಿಯಾದ್ದು 70ಎಸ್, ಗಿಡದ್ದೂ ನಮ್ಮದೂ 80ಎಸ್ (ಎಸ್ ಅಂದರೆ ಗಾತ್ರ ಸೂಚಿಸುವ ಅಳತೆ).

ಉತ್ತರ (ಟೀಚರ್ ಮತ್ತೆ):
ಅಲ್ಲೇ ಸ್ವಾರಸ್ಯ ಇರುವುದು. ಮಲ್ಲಿಗೆ ಎಲೆಯಲ್ಲಿ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್, ನಮ್ಮ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ, ಎರಡರಲ್ಲೂ ಬ್ಯಾಕ್ಟೀರಿಯಾ ತರಹದ ರೈಬೋಸೋಮ್ ಇದೆ, ಸ್ವಂತ ಡಿಎನ್‌ಎ ಕೂಡ. ಇವು ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿದ್ದವು ಎಂದು ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಈಗ ವಿಜ್ಞಾನಿಗಳು ಅದನ್ನು ಒಪ್ಪಿದ್ದಾರೆ. ಮಗಳಿಗೆ ಖಂಡಿತ ಹೇಳಿ. ಸುಮ್ನೆ ಚಿತ್ರ ಬರೆದು ಭಾಗ ಗುರುತಿಸುವುದಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ.