ವಾದ್ಯ ಕಳುವಾದರೆ ಗುರುತು ಹಿಡಿಯಲು ಯುವಿ ಪೆನ್ ಸಾಕೇ?

ಮೇಳಗಾರ
ತಂಡದ ಒಂದು ಪಿಟೀಲು, ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ಆಲ್ಟೋ ಸ್ಯಾಕ್ಸೋಫೋನ್ ಅಭ್ಯಾಸದ ಕೋಣೆಯಲ್ಲೇ ಇರುತ್ತವೆ. ಬೀಗದ ಕೈ ಹಲವರ ಬಳಿ ಇದೆ. ಕಳುವಾಗಿ ಸಿಕ್ಕಾಗ ನಮ್ಮದೇ ಎಂದು ಸಾಬೀತು ಮಾಡುವಂಥ ಗುರುತು ಬೇಕು. ಯುವಿ ಪೆನ್ನಿನಲ್ಲಿ (ನೇರಳಾತೀತ ಬೆಳಕಿನಲ್ಲಷ್ಟೇ ಕಾಣುವ ಶಾಯಿಯ ಪೆನ್ನು) ಫೋನ್ ನಂಬರ್ ಬರೆದರೆ ಸಾಕೇ? ಕೆತ್ತಿಸುವುದು ಒಳ್ಳೆಯದೇ? ಪೆಟ್ಟಿಗೆಯಲ್ಲಿ ಏರ್‌ಟ್ಯಾಗ್ (ವಸ್ತು ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಆಪಲ್‌ನ ಸಣ್ಣ ಬಿಲ್ಲೆ) ಇಟ್ಟರೆ ಉಪಯೋಗ ಇದೆಯೇ?

ರಿಪೇರಿ_ಮೇಜು
ಪಿಟೀಲಿನ ವಾರ್ನಿಷ್‌ಗೆ ಯುವಿ ಪೆನ್ ಮುಟ್ಟಿಸಲೇಬೇಡಿ. ಶಾಯಿಯ ದ್ರಾವಕ ಸ್ಪಿರಿಟ್ ವಾರ್ನಿಷನ್ನು ಮೆತ್ತಗೆ ಮಾಡಬಹುದು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುವ ಗಿಟಾರ್‌ಗೂ ಅದೇ ಅಪಾಯ. ಹಳೆಯ ವಾರ್ನಿಷ್ ಯುವಿ ಬೆಳಕಿನಲ್ಲಿ ತಾನೇ ಹೊಳೆಯುವುದರಿಂದ ಬರೆದದ್ದು ಸರಿಯಾಗಿ ಕಾಣುವುದೂ ಇಲ್ಲ. ಸಾಲದ್ದಕ್ಕೆ ಬೆವರು, ಪಾಲಿಶ್ ತಾಗಿದರೆ ಅಳಿಯುತ್ತದೆ, ಬಿಸಿಲಿಗೆ ಮಾಸುತ್ತದೆ.

ಗಿಟಾರ್‌ಗೆ ಪೆನ್ಸಿಲ್ಲೇ ಮೇಲು. ತಂತಿ ಸಡಿಲಿಸಿ, ಬೋಲ್ಟ್ ಹಾಕಿದ ನೆಕ್ (ತಂತಿ ಒತ್ತುವ ಉದ್ದನೆಯ ಹಿಡಿ) ಆದರೆ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ನೆಕ್‌ನ ಬುಡದಲ್ಲಿ ಬಣ್ಣವಿಲ್ಲದ ಮರದ ಮೇಲೆ 2ಬಿ ಪೆನ್ಸಿಲ್‌ನಿಂದ ಬರೆಯಿರಿ. ಗ್ರಾಫೈಟ್ ಮಾಸುವುದಿಲ್ಲ, ಬಾಲ್‌ಪೆನ್ ಶಾಯಿ ಮಾಸುತ್ತದೆ. ಬಿಚ್ಚಿದಾಗಲೇ ಬುಡವನ್ನೂ ಅದು ಕೂರುವ ಕುಳಿಯನ್ನೂ ಫೋಟೊ ತೆಗೆಯಿರಿ. ಸೀರಿಯಲ್ ನಂಬರ್ ಹಿಂದಿನ ಲೋಹದ ಪ್ಲೇಟಿನಲ್ಲಿದ್ದರೆ ಅದನ್ನಷ್ಟೇ ನಂಬಬೇಡಿ, ಎರಡು ನಿಮಿಷದಲ್ಲಿ ಬೇರೆ ಪ್ಲೇಟ್ ಹಾಕಬಹುದು.

ಸ್ಯಾಕ್ಸೋಫೋನಿನ ನಂಬರ್ ಸಾಮಾನ್ಯವಾಗಿ ಹಿಂಬದಿ, ಬಲ ಹೆಬ್ಬೆರಳಿನ ಕೊಕ್ಕೆಯ ಹತ್ತಿರ ಇರುತ್ತದೆ. ಹೊಸದಾಗಿ ಕೆತ್ತಿಸಬೇಡಿ: ಲ್ಯಾಕರ್ ಒಡೆದ ಗೆರೆಯಿಂದಲೇ ಹಿತ್ತಾಳೆ ಕಪ್ಪಾಗುತ್ತಾ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಬ್ರ್ಯಾಂಡ್, ಮಾಡೆಲ್, ನಂಬರ್ ಮೂರನ್ನೂ ಒಟ್ಟಿಗೆ ಬರೆದಿಡಿ. ಬರೀ ನಂಬರ್ ಬೇರೆ ಕಂಪನಿಯ ವಾದ್ಯದಲ್ಲೂ ಇರಬಹುದು.

ನಾಲ್ಕು_ತಂತಿ
ಪಿಟೀಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಹುತೇಕ ಪಿಟೀಲುಗಳಿಗೆ ಸೀರಿಯಲ್ ನಂಬರ್ ಇರುವುದಿಲ್ಲ. ಒಳಗಿನ ಲೇಬಲ್ ಪುರಾವೆಯಲ್ಲ, ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವಾರಿಯ ಹೆಸರಿನ ಲೇಬಲ್ ಅಂಟಿಸಿದ ಕಾರ್ಖಾನೆಯ ಪಿಟೀಲುಗಳಿಗೆ ಲೆಕ್ಕವಿಲ್ಲ. ಅದರ ನಿಜವಾದ ಗುರುತು ಮರದ ಎಳೆ. ಎರಡು ಪಿಟೀಲಿನ ಎಳೆ ಒಂದೇ ಇರುವುದಿಲ್ಲ, ಅದನ್ನು ಉಜ್ಜಿ ತೆಗೆಯಲೂ ಆಗದು.

ಕಿಟಕಿಯ ಪಕ್ಕ, ಫ್ಲಾಶ್ ಇಲ್ಲದೆ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ಫೋಟೊ ತೆಗೆಯಿರಿ. ಎದುರು, ಬೆನ್ನು, ಪಕ್ಕದ ಪಟ್ಟಿಗಳು, ಸ್ಕ್ರೋಲ್‌ನ (ತುದಿಯ ಸುರುಳಿ) ಎರಡೂ ಬದಿ, ಮೇಲ್ಪಲಗೆಯ ಎರಡೂ ಎಫ್ ಆಕಾರದ ರಂಧ್ರ ಹತ್ತಿರದಿಂದ. ಗೀರು, ಬಿರುಕು, ಗಲ್ಲ ತಾಗಿ ಸವೆದ ಜಾಗದ ಪಕ್ಕ ಸ್ಕೇಲ್ ಇಟ್ಟು ಇನ್ನೊಂದು. ಬೆನ್ನಿನ ಉದ್ದ ಅಳೆದು ಮಿಲಿಮೀಟರಿನಲ್ಲಿ ಬರೆಯಿರಿ. ಪೂರ್ಣ ಗಾತ್ರದ್ದು 355 ಮಿ.ಮೀ. ಆಸುಪಾಸು. ಕಮಾನನ್ನು ಜನ ಮರೆಯುತ್ತಾರೆ: ಫ್ರಾಗ್ (ಕೈ ಹಿಡಿಯುವ ಕಡೆಯ ತುಂಡು) ಹತ್ತಿರದ ಮುದ್ರೆಯ ಫೋಟೊ, ತೂಕ (ಸುಮಾರು 60 ಗ್ರಾಂ, ದಶಾಂಶ ಸಹಿತ).

ಪಿಟೀಲು ವಾದಕ ಹ್ಯೂಬರ್‌ಮನ್ ಅವರ 1713ರ ಸ್ಟ್ರಾಡಿವಾರಿ ಪಿಟೀಲು 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಿಂದ ಕಳುವಾದಾಗ, ಅದರ ಮೈಗೆ ಶೂ ಪಾಲಿಶ್ ಬಳಿದು ಮರೆಮಾಚಿದ್ದರು. 1980ರಲ್ಲಿ ಕಳುವಾದ, ಪಿಟೀಲು ವಾದಕ ಟೋಟನ್‌ಬರ್ಗ್ ಅವರ 1734ರ ಪಿಟೀಲು 2015ರಲ್ಲಿ ಬೆಲೆ ಕಟ್ಟುವವರ ಕೈಗೆ ಬಂದಾಗಲೇ ಸಿಕ್ಕಿಬಿದ್ದದ್ದು. ಇಷ್ಟು ವರ್ಷದ ಮೇಲೂ ಉಪಯೋಗಕ್ಕೆ ಬರುವಂಥ ದಾಖಲೆ ಇರಬೇಕು.

ಮೇಳಗಾರ
ಧನ್ಯವಾದ. ಪಿಟೀಲಿನೊಳಗೆ ಸಣ್ಣ ಚಿಪ್ ಅಂಟಿಸಬಹುದೇ?

ರಿಪೇರಿ_ಮೇಜು
ನೀವೇ ಕೈ ಹಾಕಬೇಡಿ. ಅಂಟು ಬಿಟ್ಟರೆ ಒಳಗೆ ಗಲಗಲ ಸದ್ದು. ಎಲ್ಲ ತಂತಿಗಳನ್ನೂ ಒಮ್ಮೆಲೇ ಸಡಿಲಿಸಿದರೆ ಸೌಂಡ್‌ಪೋಸ್ಟ್ (ಒಳಗೆ ಎರಡು ಪಲಗೆಗಳ ನಡುವೆ ನಿಂತ ಸಣ್ಣ ಮರದ ಕಡ್ಡಿ) ಬಿದ್ದುಹೋಗಬಹುದು, ಏಕೆಂದರೆ ಅದಕ್ಕೆ ಅಂಟಿಲ್ಲ, ಒತ್ತಡದಿಂದಷ್ಟೇ ನಿಂತಿರುತ್ತದೆ. ಎಂದಾದರೂ ರಿಪೇರಿಗಾಗಿ ಮೇಲ್ಪಲಗೆ ತೆಗೆದಾಗ ಒಳಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಲು ಕೇಳಿ.

ಇನ್ನು, ಎನ್‌ಎಫ್‌ಸಿ ಚಿಪ್ (ಫೋನ್ ತಾಗಿಸಿ ಓದುವ ಸಣ್ಣ ಚಿಪ್) ವಾದ್ಯ ಎಲ್ಲಿದೆ ಎಂದು ತೋರಿಸುವುದಿಲ್ಲ. ಕೆಲವೇ ಸೆಂಟಿಮೀಟರ್ ಹತ್ತಿರ ಫೋನ್ ಹಿಡಿದರಷ್ಟೇ ಓದಿಸಿಕೊಳ್ಳುತ್ತದೆ. ಸ್ಯಾಕ್ಸೋಫೋನಿನ ಲೋಹಕ್ಕೆ, ಗಿಟಾರ್‌ನೊಳಗಿನ ತಾಮ್ರದ ಹಾಳೆಗೆ ಅಂಥ ಚಿಪ್ ಇರುವ ಸಾಮಾನ್ಯ ಸ್ಟಿಕ್ಕರ್ ಅಂಟಿಸಿದರೆ ಅದೂ ಇಲ್ಲ.

ತಂತಿ_ತಗಡು
ಏರ್‌ಟ್ಯಾಗ್ ಮೊದಲ ಕೆಲವು ಗಂಟೆಗಳಿಗೆ ಒಳ್ಳೆಯದು. ಆಮೇಲೆ ಅದೇ ಕಳ್ಳನ ಫೋನಿಗೆ ಎಚ್ಚರಿಕೆ ಕಳಿಸುತ್ತದೆ, ತಾನೇ ಬೀಪ್ ಅನ್ನುತ್ತದೆ. ಪೆಟ್ಟಿಗೆ ಎಸೆದುಬಿಟ್ಟರಂತೂ ಕತೆ ಮುಗಿಯಿತು. ಹೊರಗಿನ ಜೇಬಿನ ಬದಲು ಅಸ್ತರಿನ ಕೆಳಗೆ ಹೊಲಿದಿಡಿ, ಸಿಆರ್2032 ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಬದಲಿಸಿ.

ಫೋಟೊ, ರಸೀದಿಗಳ ಪ್ರತಿ ಆ ಕೋಣೆಯಿಂದ ಹೊರಗೂ ಇರಲಿ. ಕಳುವಾದ ದಿನವೇ ದೂರು ಕೊಟ್ಟು, ಫೋಟೊಗಳನ್ನು ರಿಪೇರಿಯವರಿಗೆ, ಹಳೆಯ ವಾದ್ಯ ಕೊಳ್ಳುವವರಿಗೆ ಕಳಿಸಿ. ಆದರೆ ಒಂದು ಗುರುತನ್ನು ಯಾರಿಗೂ ಹೇಳಬೇಡಿ. ಯಾರಾದರೂ "ನನ್ನ ಹತ್ತಿರ ಇದೆ" ಎಂದು ಕರೆ ಮಾಡಿದರೆ ಆ ಗುರುತನ್ನೇ ಕೇಳಿ. ಸರಿಯಾಗಿ ಹೇಳಿದರೂ ಒಬ್ಬರೇ ಭೇಟಿಗೆ ಹೋಗದೆ ಪೊಲೀಸರಿಗೆ ತಿಳಿಸಿ.