ಸಪ್ರೆಸರ್ ಟಿ ಕೋಶಗಳು ನಿಜಕ್ಕೂ ಇವೆಯೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನ್ನ ಅಕ್ಕನಿಗೆ ಹಾಶಿಮೋಟೊ ಥೈರಾಯ್ಡ್ ಕಾಯಿಲೆ ಇದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆ ಎಂದು ವೈದ್ಯರು ತಿಳಿಸಿದ್ದಾರೆ. ಇಂಥ ದಾಳಿಯನ್ನು ‘ಸಪ್ರೆಸರ್ ಟಿ ಕೋಶ’ಗಳು ತಡೆಯುತ್ತವೆ ಎಂದು ಹಳೆಯ ಪಠ್ಯಪುಸ್ತಕವೊಂದರಲ್ಲಿ ಓದಿದೆ. ಮಗಳ ಪುಸ್ತಕದಲ್ಲಿ ಆ ಹೆಸರಿಲ್ಲ. ‘ರೆಗ್ಯುಲೇಟರಿ ಟಿ ಕೋಶ’ ಎಂದಿದೆ. ಎರಡೂ ಒಂದೇ ಏನು? ಅವು ದಾಳಿಯನ್ನು ತಡೆಯುವುದು ಹೇಗೆ?

ಉತ್ತರ: ನಮಸ್ಕಾರ. ಟಿ ಕೋಶಗಳೆಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು. ಎರಡರ ಹಿಂದಿರುವ ವಿಚಾರ ಒಂದೇ, ಆದರೆ ಆಧಾರ ಬೇರೆ. 1970ರ ದಶಕದ ಆರಂಭದಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಗರ್ಶನ್, ಪ್ರತಿಕ್ರಿಯೆಯನ್ನು ಕುಗ್ಗಿಸುವ ಟಿ ಕೋಶಗಳೂ ಇವೆ ಎಂದು ಇಲಿಗಳ ಮೇಲಿನ ಪ್ರಯೋಗಗಳಿಂದ ವಾದಿಸಿದರು. ಆ ಕೋಶಗಳ ಗುರುತೆಂದು ನಂಬಲಾಗಿದ್ದ ‘ಐ-ಜೆ’ ಎಂಬುದರ ವಂಶವಾಹಿಯನ್ನು 1980ರ ದಶಕದಲ್ಲಿ ಹುಡುಕಿದಾಗ, ಅದು ಇರಬೇಕಾದ ಜಾಗದಲ್ಲಿ ಅಂಥದ್ದೇನೂ ಸಿಗಲಿಲ್ಲ. ಇಡೀ ಕ್ಷೇತ್ರವೇ ಹೆಸರು ಕೆಡಿಸಿಕೊಂಡಿತು. ಗುರುತು ಸುಳ್ಳಾದ ಮಾತ್ರಕ್ಕೆ ವಿದ್ಯಮಾನವನ್ನೂ ಕೈಬಿಟ್ಟದ್ದು ಆತುರವೆಂದೇ ನನ್ನ ಅಭಿಪ್ರಾಯ.

ಏಕೆಂದರೆ ಜಪಾನಿನಲ್ಲಿ ಬೇರೊಂದು ಸುಳಿವು ಆಗಲೇ ಸಿಕ್ಕಿತ್ತು. ಹುಟ್ಟಿ ಮೂರು ದಿನವಾದ ಹೆಣ್ಣಿಲಿಮರಿಯ ಥೈಮಸ್ ಗ್ರಂಥಿಯನ್ನು, ಅಂದರೆ ಟಿ ಕೋಶಗಳು ಬಲಿಯುವ ಎದೆಯ ಗ್ರಂಥಿಯನ್ನು, ತೆಗೆದರೆ ಅದರ ಅಂಡಾಶಯ ನಾಶವಾಗುತ್ತದೆ, ಏಳನೆಯ ದಿನ ತೆಗೆದರೆ ಆಗುವುದಿಲ್ಲ ಎಂದು ನಿಷಿಝುಕಾ ಮತ್ತು ಸಕಕುರಾ 1969ರಲ್ಲಿ ವರದಿ ಮಾಡಿದ್ದರು. ಆ ಅವಧಿಯಲ್ಲಿ ಥೈಮಸ್‌ನಿಂದ ಹೊರಬರುವ ಯಾವುದೋ ರಕ್ಷಕ ಕೋಶವನ್ನು ಶಿಮೊನ್ ಸಕಗುಚಿ ವರ್ಷಗಟ್ಟಲೆ ಹುಡುಕಿದರು. 1995ರಲ್ಲಿ ಅವರು ಟಿ ಕೋಶಗಳಿಂದ ಸಿಡಿ25 ಎಂಬ ಪ್ರೋಟೀನನ್ನು ಹೊತ್ತವುಗಳನ್ನು ಬೇರ್ಪಡಿಸಿ, ಉಳಿದವನ್ನು ಟಿ ಕೋಶಗಳೇ ಇಲ್ಲದ ಇಲಿಗಳಿಗೆ ಚುಚ್ಚಿದರು. ಆ ಇಲಿಗಳ ಜಠರ, ಅಂಡಾಶಯ ಮಾತ್ರವಲ್ಲ, ನಿಮ್ಮ ಅಕ್ಕನಿಗೆ ಆಗಿರುವಂತೆಯೇ ಥೈರಾಯ್ಡ್ ಕೂಡ ಉರಿಯೂತಕ್ಕೆ ತುತ್ತಾಯಿತು. ಬೇರ್ಪಡಿಸಿದ ಕೋಶಗಳನ್ನು ಮತ್ತೆ ಸೇರಿಸಿದಾಗ ಕಾಯಿಲೆ ಬರಲಿಲ್ಲ. ಇವೇ ನಿಮ್ಮ ಮಗಳ ಪುಸ್ತಕದ ರೆಗ್ಯುಲೇಟರಿ ಟಿ ಕೋಶಗಳು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ3 ವಂಶವಾಹಿಯನ್ನು ಗುರುತಿಸಿದರು. ಈ ಕೋಶಗಳು ರೂಪುಗೊಳ್ಳಲು ಅದು ಬೇಕೇ ಬೇಕು. ಆ ವಂಶವಾಹಿ ಕೆಟ್ಟಿರುವ ಗಂಡುಶಿಶುಗಳಲ್ಲಿ ಮಧುಮೇಹ, ತೀವ್ರ ಭೇದಿ, ಇಸುಬು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಸಕಗುಚಿಯವರೂ ಸೇರಿ ಈ ಮೂವರು ವಿಜ್ಞಾನಿಗಳಿಗೆ 2025ರ ವೈದ್ಯಕೀಯ ನೊಬೆಲ್ ದೊರೆಯಿತು.

ಇನ್ನು ತಡೆಯುವ ಬಗೆ. ಈ ಕೋಶಗಳು ಹೆಚ್ಚಾಗಿ ಎದುರಾಳಿಯನ್ನು ಕೊಲ್ಲುವುದಿಲ್ಲ, ಅದಕ್ಕೆ ಬೇಕಾದದ್ದು ಸಿಗದಂತೆ ಮಾಡುತ್ತವೆ. ದಾಳಿಗೆ ಸಜ್ಜಾಗಬೇಕಾದ ಟಿ ಕೋಶಕ್ಕೆ, ಗುರಿಯ ತುಣುಕನ್ನು ತೋರಿಸಿ ಮೊದಲ ಸಂಕೇತ ಕೊಡುವ ಡೆಂಡ್ರೈಟಿಕ್ ಕೋಶದ ಮೇಲಿರುವ ಸಿಡಿ80, ಸಿಡಿ86 ಎಂಬ ಅಣುಗಳಿಂದ ಎರಡನೆಯ ಸಂಕೇತ ಬರಬೇಕು. ರೆಗ್ಯುಲೇಟರಿ ಕೋಶವು ತನ್ನ ಸಿಟಿಎಲ್‌ಎ-4 ಪ್ರೋಟೀನಿನಿಂದ ಆ ಅಣುಗಳನ್ನೇ ಹಿಡಿದು, ಕಿತ್ತು, ಒಳಗೆಳೆದುಕೊಂಡು ಅರಗಿಸಿಬಿಡುತ್ತದೆ. ಟಿ ಕೋಶಗಳು ವೃದ್ಧಿಯಾಗಲು ಬೇಕಾದ ಇಂಟರ್‌ಲ್ಯೂಕಿನ್-2 ಅನ್ನೂ ತಾನೇ ಹೀರಿಕೊಳ್ಳುತ್ತದೆ. ಸಿಡಿ25 ಇರುವುದೇ ಅದನ್ನು ಹಿಡಿಯಲು. ಜೊತೆಗೆ ಇಂಟರ್‌ಲ್ಯೂಕಿನ್-10ರಂಥ ಶಮನಕಾರಿ ಸ್ರಾವಗಳೂ ಇವೆ. ಕರುಳಿನಲ್ಲಿ, ನಾವು ತಿನ್ನುವ ಆಹಾರದ ಮತ್ತು ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳ ಬಗೆಗಿನ ಸಹಿಷ್ಣುತೆಯನ್ನು ಕಾಯಲು, ಸಾಮಾನ್ಯ ಟಿ ಕೋಶಗಳಿಂದಲೇ ಇಂಥವು ಹೊಸದಾಗಿ ರೂಪುಗೊಳ್ಳುತ್ತವೆ.

ಮರುಪ್ರಶ್ನೆ: ಧನ್ಯವಾದಗಳು ಡಾಕ್ಟರೇ. ಹಾಗಾದರೆ ಇವುಗಳನ್ನು ಹೆಚ್ಚಿಸುವ ಔಷಧಿಯನ್ನು ಅಕ್ಕನಿಗೆ ಕೊಡಬಹುದಲ್ಲವೇ? ಪರಿಚಿತರೊಬ್ಬರು ಇಮ್ಯುನಿಟಿ ಬೂಸ್ಟರ್ ಮಾತ್ರೆಯನ್ನೂ ಸೂಚಿಸಿದ್ದಾರೆ.

ಉತ್ತರ: ಮಾತ್ರೆಯನ್ನು ಬಿಟ್ಟುಬಿಡಿ. ದಾಳಿ ಮಾಡುತ್ತಿರುವ ವ್ಯವಸ್ಥೆಗೆ ಬಲ ತುಂಬುತ್ತೇವೆ ಎನ್ನುವುದು ಈ ಕಾಯಿಲೆಯಲ್ಲಿ ವಿಚಿತ್ರ ಸಲಹೆ.

ರೆಗ್ಯುಲೇಟರಿ ಕೋಶಗಳೂ ಹೆಚ್ಚಿದಷ್ಟು ಒಳ್ಳೆಯದು ಎನ್ನುವಂತಿಲ್ಲ. ಅನೇಕ ಕ್ಯಾನ್ಸರ್ ಗಡ್ಡೆಗಳು ಇವುಗಳನ್ನು ಸುತ್ತ ಸೇರಿಸಿಕೊಂಡು ದಾಳಿಯಿಂದ ತಪ್ಪಿಸಿಕೊಳ್ಳುತ್ತವೆ. ಅದಕ್ಕೆ ಎದುರಾಗಿ, ಸಿಟಿಎಲ್‌ಎ-4 ಅನ್ನು ಕಟ್ಟಿಹಾಕುವ ಇಪಿಲಿಮುಮ್ಯಾಬ್ ಎಂಬ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು. ಅದನ್ನು ಪಡೆದ ಕೆಲವರಲ್ಲಿ ಕರುಳಿನ ಉರಿಯೂತವೂ ಥೈರಾಯ್ಡ್ ತೊಂದರೆಯೂ ಕಾಣಿಸಿಕೊಳ್ಳುತ್ತವೆ. ಕಡಿಮೆ ಪ್ರಮಾಣದ ಇಂಟರ್‌ಲ್ಯೂಕಿನ್-2 ಕೊಟ್ಟು ಈ ಕೋಶಗಳನ್ನು ಬೆಳೆಸುವ ಪ್ರಯೋಗಗಳು ಇತರ ಸ್ವಪ್ರತಿರಕ್ಷಾ ಕಾಯಿಲೆಗಳಲ್ಲಿ ನಡೆದಿವೆ, ಆದರೆ ಹಾಶಿಮೋಟೊಗೆ ಅದು ಇಂದಿನ ಚಿಕಿತ್ಸೆಯಲ್ಲ. ವೈದ್ಯರು ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಬರೆದುಕೊಟ್ಟಿದ್ದರೆ ಅಕ್ಕನವರು ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಲಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದಕ್ಕೆ ನಾಲ್ಕು ಗಂಟೆ ಅಂತರವಿರಲಿ.